ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಗಾಡಿ ಮಾತ್ರ ನಿಂತಿದೆ

ಕನಕಪುರ ರಸ್ತೆ ಬಿಟ್ಟು ಸುಬ್ರಹ್ಮಣ್ಯಪುರದ ಕಡೆ ಹೊರಟ ಸಂಜೆಯ ವಾಹನಗಳ ಸಾಲಿನಲ್ಲಿ ಯಮಹಾ ಆರ್‌ಎಕ್ಸ್ 100 ಒಂದು ಕೆಮ್ಮಿ, ಎರಡು ಸಲ ಜಗ್ಗಿ, ನಿಂತೇ ಬಿಟ್ಟಿತು ಅಂತಿಟ್ಟುಕೊಳ್ಳಿ. ಓಡಿಸುತ್ತಿದ್ದ ಹುಡುಗ ಟ್ಯಾಂಕ್ ಅಲ್ಲಾಡಿಸುತ್ತಾನೆ. ಒಳಗೆ ಪೆಟ್ರೋಲ್ ಗುಳುಗುಳು ಅನ್ನುತ್ತದೆ. ಕಿಕ್ಕರ್ ಎಷ್ಟು ತುಳಿದರೂ ಸ್ಟಾರ್ಟ್ ಆಗುವುದಿಲ್ಲ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಕೊನೆಗೆ ಪಕ್ಕದ ಆಟೊದವರು ತಲೆ ಹೊರಗೆ ಹಾಕಿ ಕೇಳುತ್ತಾರೆ: “ರಿಸರ್ವ್‌ಗೆ ಹಾಕಿ ನೋಡಿದ್ಯೇನಪ್ಪಾ?”

ಹುಡುಗನನ್ನು ಬೈದು ಪ್ರಯೋಜನವಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದಮೇಲೆ ಮಾರಾಟವಾದ ಬೈಕು, ಸ್ಕೂಟರ್‌ಗಳಲ್ಲಿ ಬಹುತೇಕ ಎಲ್ಲದಕ್ಕೂ ಫ್ಯುಯೆಲ್ ಇಂಜೆಕ್ಷನ್. ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಇರುತ್ತದೆ, ಪೆಟ್ರೋಲ್ ಕಡಿಮೆಯಾದರೆ ಮೀಟರಿನಲ್ಲಿ ದೀಪ ಹತ್ತುತ್ತದೆ. ಕೈಯಿಂದ ತಿರುಗಿಸುವಂಥದ್ದು ಏನೂ ಇಲ್ಲ. ಅದರಲ್ಲೇ ಗಾಡಿ ಕಲಿತವರು ಈಗ ಲಕ್ಷಕ್ಕೂ ಮೇಲೆ ಸುರಿದು 1985ರಿಂದ 1996ರ ನಡುವಿನ ಆರ್‌ಎಕ್ಸ್ 100 ಕೊಳ್ಳುತ್ತಿದ್ದಾರೆ, ಇಲ್ಲವೇ ತಾತನ ಯೆಜ್ಡಿಯನ್ನು ಶೆಡ್ಡಿನಿಂದ ಹೊರಗೆಳೆಯುತ್ತಿದ್ದಾರೆ. ಟ್ಯಾಂಕಿನ ಕೆಳಗೆ, ಎಡ ಮೊಣಕಾಲಿನ ಹತ್ತಿರ ಇರುವ ಆ ಪುಟ್ಟ ಕಿವಿಯನ್ನು ಯಾರೂ ಅವರಿಗೆ ಪರಿಚಯಿಸಿರುವುದಿಲ್ಲ.

ಗ್ಯಾರೇಜಿನವರು ಅದನ್ನು ಪೆಟ್ರೋಲ್ ಕಾಕ್ ಅನ್ನುತ್ತಾರೆ, ಕೆಲವರು ಟ್ಯಾಪ್ ಅನ್ನುತ್ತಾರೆ. ಮೇಲೆ ಆನ್, ಆಫ್, ರಿಸರ್ವ್ ಎಂದು ಮೂರು ಗುರುತು.

ರಿಸರ್ವ್ ಅಂದರೆ ಬೇರೆಯೇ ಒಂದು ಸಣ್ಣ ಟ್ಯಾಂಕ್ ಎಂದು ತಿಳಿದವರು ಬಹಳ ಮಂದಿ. ಹಾಗೇನಿಲ್ಲ, ಇರುವುದು ಒಂದೇ ಟ್ಯಾಂಕ್. ಮನೆ ಮೇಲಿನ ನೀರಿನ ಟ್ಯಾಂಕಿಗೆ ತಳದಲ್ಲೊಂದು, ಗೇಣುದ್ದ ಮೇಲೊಂದು ಪೈಪು ಕೊಟ್ಟ ಹಾಗೆ. ಕಾಕ್‌ನಿಂದ ಟ್ಯಾಂಕಿನೊಳಕ್ಕೆ ಒಂದು ಸಣ್ಣ ಕೊಳವೆ ನೆಟ್ಟಗೆ ನಿಂತಿರುತ್ತದೆ. ಆನ್‌ನಲ್ಲಿ ಪೆಟ್ರೋಲ್ ಇಳಿಯುವುದು ಆ ಕೊಳವೆಯ ತುದಿಯಿಂದ. ಮಟ್ಟ ಆ ತುದಿಗಿಂತ ಕೆಳಗಿಳಿದ ಕೂಡಲೇ ಹರಿವು ನಿಂತಿತು. ಕಿವಿಯನ್ನು ರಿಸರ್ವ್‌ಗೆ ತಿರುಗಿಸಿದರೆ ತಳದ ತೂತು ತೆರೆದುಕೊಂಡು ಉಳಿದದ್ದು ಇಳಿಯತೊಡಗುತ್ತದೆ. ಆಫ್‌ನಲ್ಲಿ ಎರಡೂ ಬಂದ್. ಪಂಪಿಲ್ಲ, ವೈರಿಲ್ಲ, ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ ಕೆಳಗಿದೆ, ಅಷ್ಟೆ.

ಆರ್‌ಎಕ್ಸ್ 100ರಲ್ಲಾಗಲಿ ಹಳೆಯ ಜಾವಾದಲ್ಲಾಗಲಿ ಪೆಟ್ರೋಲ್ ಮುಳ್ಳು ಇರಲಿಲ್ಲ. ಈ ಕಾಕೇ ಮುಳ್ಳಿನ ಕೆಲಸ ಮಾಡುತ್ತಿತ್ತು. ಗಾಡಿ ಜಗ್ಗಿತು ಅಂದರೆ ಇನ್ನು ಒಂದರಿಂದ ಎರಡು ಲೀಟರ್ ಉಳಿದಿದೆ, ಬಂಕ್ ನೋಡಿಕೋ ಎಂದರ್ಥ. ಲೀಟರಿಗೆ 40 ಕಿ.ಮೀ. ಕೊಡುವ ಗಾಡಿಗೆ ಒಂದು ಲೀಟರ್ ಲೆಕ್ಕಕ್ಕೆ 40 ಕಿ.ಮೀ.; ಬನಶಂಕರಿ ಟ್ರಾಫಿಕ್ಕಿನಲ್ಲಿ ಅಷ್ಟನ್ನು ನಂಬಿಕೊಂಡು ಹೊರಡಬಾರದು. ಮೈಲೇಜ್ ನೋಡುವುದಕ್ಕೂ ಇದೇ ಸಾಧನ. ರಿಸರ್ವ್‌ಗೆ ಬಿದ್ದಾಗ ಮೀಟರ್ ರೀಡಿಂಗ್ ಬರೆದಿಟ್ಟು, ಎರಡು ಲೀಟರ್ ಹಾಕಿಸಿ, ಕಾಕನ್ನು ಆನ್‌ಗೆ ತಂದು ಓಡಿಸುವುದು. ಮತ್ತೆ ರಿಸರ್ವ್‌ಗೆ ಬಿದ್ದಾಗ ರೀಡಿಂಗ್ ಕಳೆದು ಭಾಗಿಸುವುದು. ಈಗಿನ ಡಿಜಿಟಲ್ ಮೀಟರ್ ತೋರಿಸುವ ಅಂಕಿಗಿಂತ ಈ ಲೆಕ್ಕದ ಮೇಲೆ ನಂಬಿಕೆ ಇಟ್ಟವರು ಇಂದಿಗೂ ಇದ್ದಾರೆ, ಅದರಲ್ಲಿ ತಪ್ಪೇನೂ ಕಾಣದು.

ಆದರೆ ಈ ಎಚ್ಚರಿಕೆಯ ಗಂಟೆಗೆ ಒಂದು ದೊಡ್ಡ ಕೊರತೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಕಾಕನ್ನು ತಿರುಗಿ ಆನ್‌ಗೆ ತರುವುದನ್ನು ಮರೆತರೆ ಮುಂದಿನ ಸಲ ಎಚ್ಚರಿಕೆ ಬರುವುದೇ ಇಲ್ಲ, ತಳದ ಕೊನೆಯ ಹನಿಯವರೆಗೂ ಗಾಡಿ ಸಲೀಸಾಗಿ ಓಡಿ ನಿಲ್ಲುತ್ತದೆ. ಆಮೇಲೆ ತಳ್ಳಬೇಕಷ್ಟೆ. ಎಷ್ಟೋ ಸಲ ‘ರಿಸರ್ವ್ ಕೈಕೊಟ್ಟಿತು’ ಎಂದು ದೂರುವವರ ಗಾಡಿ ಹದಿನೈದು ದಿನದಿಂದ ರಿಸರ್ವ್‌ನಲ್ಲೇ ಓಡುತ್ತಿರುತ್ತದೆ.

ತಳ್ಳುವ ಮೊದಲು ಇನ್ನೊಂದು ಉಪಾಯ ಇದ್ದೇ ಇದೆ. ಬೈಕಿನ ಟ್ಯಾಂಕ್ ಚಾಸಿಯ ನಡುಪೈಪಿನ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತಿರುತ್ತದೆ. ಕಾಕ್ ಎಡಗಡೆ ಇದ್ದರೆ ಬಲಗಡೆಯ ಕಾಲಿನಲ್ಲಿ ಉಳಿದ ಪೆಟ್ರೋಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿಯನ್ನು ಎಡಕ್ಕೆ ಚೆನ್ನಾಗಿ ವಾಲಿಸಿದರೆ ಅದು ನಡುವಿನ ದಿಬ್ಬ ದಾಟಿ ಕಾಕ್ ಇರುವ ಕಡೆ ಬರುತ್ತದೆ, ಬಂಕಿನವರೆಗಾದರೂ ಗಾಡಿ ಎಳೆಯುತ್ತದೆ. ರಸ್ತೆ ಬದಿ ಬೈಕನ್ನು ಮಲಗಿಸಿ ಎತ್ತುವವರು ಮಾಡುವುದು ಪೂಜೆಯಲ್ಲ, ಇದೇ ಲೆಕ್ಕ. ಸಾಮಾನ್ಯವಾಗಿ ಕಾಕ್ ಟ್ಯಾಂಕಿನ ಹಿಂಭಾಗದಲ್ಲಿರುವುದರಿಂದ ಘಾಟಿಯ ಕಡಿದಾದ ಇಳಿಜಾರಿನಲ್ಲಿ ಪೆಟ್ರೋಲ್ ಮುಂದಕ್ಕೆ ಸರಿದು, ನಿರೀಕ್ಷೆಗಿಂತ ಮೊದಲೇ ಗಾಡಿ ಜಗ್ಗುವುದೂ ಉಂಟು.

ಓಡುತ್ತಿರುವಾಗಲೇ ಕಾಕ್ ತಿರುಗಿಸುವುದು ಒಂದು ಕೈಚಳಕ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಇರುವುದರಿಂದ ಗಾಡಿ ಒಮ್ಮೆಲೇ ಸಾಯುವುದಿಲ್ಲ, ಸದ್ದು ತೆಳ್ಳಗಾಗುತ್ತದೆ, ಆಕ್ಸಿಲರೇಟರ್ ಕೊಟ್ಟರೂ ಎಳೆತ ಬರುವುದಿಲ್ಲ. ಅಷ್ಟರಲ್ಲಿ ಎಡಗೈ ತಾನಾಗಿ ಕೆಳಗಿಳಿದು, ಕಣ್ಣು ರಸ್ತೆಯಿಂದ ಕದಲದೆ, ಬೆರಳು ಕಿವಿಯನ್ನು ಹುಡುಕಿ ತಿರುಗಿಸಬೇಕು. ಹಾಗಾಗಿ ನಿಂತ ಗಾಡಿಯ ಮೇಲೆ ಕೂತು ಕಣ್ಣು ಮುಚ್ಚಿ ಅಭ್ಯಾಸ ಮಾಡುವುದು ಒಳ್ಳೆಯದು. ಅನೇಕ ಗಾಡಿಗಳಲ್ಲಿ ಕಿವಿ ಕೆಳಮುಖವಾದರೆ ಆನ್. ಎಲ್ಲದರಲ್ಲೂ ಹಾಗೇ ಎಂದುಕೊಳ್ಳಬಾರದು, ತಟ್ಟೆಯ ಮೇಲಿನ ಅಕ್ಷರ ಓದಿಕೊಳ್ಳಬೇಕು. ಫ್ಲೈಓವರ್ ಮೇಲೆ ಕೈ ಸಿಗದಿದ್ದರೆ ತಡಕಾಡಬಾರದು, ಬದಿಗೆ ಬರುವುದೇ ಸರಿ.

ಯೆಜ್ಡಿಯವರಿಗೆ ಈ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಸತೊಡಗಿತು, 1973ರಿಂದ ಯೆಜ್ಡಿ ಹೆಸರಿಟ್ಟಿತು, 1996ರಲ್ಲಿ ಬಾಗಿಲು ಹಾಕಿತು. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಬೆಂಗಳೂರಿನಲ್ಲಿ ಇವತ್ತಿಗೂ ಅವು ಹೊಗೆ ಬಿಡುತ್ತಾ ಸೇರುತ್ತವೆ. ಈ ಟೂ ಸ್ಟ್ರೋಕ್ ಗಾಡಿಗಳಲ್ಲಿ ಆಯಿಲ್ ಹಾಕುವುದು ಪೆಟ್ರೋಲಿನ ಜೊತೆಗೇ ಬೆರೆಸಿ. ಆರ್‌ಎಕ್ಸ್ 100ರಲ್ಲಿರುವಂಥ ಬೇರೆ ಆಯಿಲ್ ಪಂಪ್ ಇವಕ್ಕಿಲ್ಲ. ಅಂದರೆ ಪೆಟ್ರೋಲ್ ನಿಂತರೆ ಪಿಸ್ಟನ್ನಿಗೆ ಜಿಡ್ಡೂ ನಿಂತಿತು. ವೇಗದಲ್ಲಿರುವಾಗ ಸದ್ದು ತೆಳ್ಳಗಾದರೆ ಮೊದಲು ಕ್ಲಚ್ ಹಿಡಿಯಬೇಕು, ಆಕ್ಸಿಲರೇಟರ್ ಬಿಡಬೇಕು, ಆಮೇಲೆ ಕಾಕ್. ಇನ್ನೊಂದಿಷ್ಟು ದೂರ ಎಳೆಯಲಿ ಎಂದು ತಿರುವುತ್ತಾ ಹೋದರೆ ಎಂಜಿನ್ ಸೀಜ್ ಆಗುವ ಅಪಾಯ ಇದೆ.

ಇನ್ನು ಆಫ್. ಮೂರರಲ್ಲಿ ಜನ ಹೆಚ್ಚು ಕಡೆಗಣಿಸುವುದು ಇದನ್ನೇ, ದುಬಾರಿಯಾಗುವುದೂ ಇದೇ. ಕಾರ್ಬೊರೇಟರಿನ ಬಟ್ಟಲು ತುಂಬಿದಾಗ ಒಂದು ಫ್ಲೋಟ್ ತೇಲಿ ಸೂಜಿಯನ್ನು ಒತ್ತಿ ಪೆಟ್ರೋಲನ್ನು ತಡೆಯುತ್ತದೆ. ಮೂವತ್ತು ವರ್ಷದ ಸೂಜಿ ಸವೆದಿರುತ್ತದೆ, ಇಲ್ಲವೇ ಅದರ ತುದಿಗೆ ಕಸ ಸಿಕ್ಕಿರುತ್ತದೆ. ಆಗ ರಾತ್ರಿಯಿಡೀ ಆನ್‌ನಲ್ಲಿ ನಿಂತ ಗಾಡಿಯಿಂದ ಪೆಟ್ರೋಲ್ ಓವರ್‌ಫ್ಲೋ ಪೈಪಿನಲ್ಲಿ ಹನಿಯುತ್ತದೆ. ಮುಚ್ಚಿದ ಪಾರ್ಕಿಂಗ್ ಆದರೆ ಆ ವಾಸನೆ ಬೆಂಕಿಯ ಮಾತು. ಹೊರಗೆ ಹನಿಯದಿದ್ದರೆ ಇನ್ನೂ ಕೆಟ್ಟದ್ದು, ಎಂಜಿನ್ ಒಳಗೆ ಇಳಿಯಬಹುದು. ಫೋರ್ ಸ್ಟ್ರೋಕ್ ಗಾಡಿಯಾದರೆ ಎಂಜಿನ್ ಆಯಿಲಿನಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಗೊತ್ತಾಗುತ್ತದೆ: ಮಟ್ಟ ಏರಿರುತ್ತದೆ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಸಿಗ್ನಲ್‌ನಲ್ಲಿ ಆಫ್ ಮಾಡುವ ಅಗತ್ಯವಿಲ್ಲ; ರಾತ್ರಿಗೆ ಮಾಡಬೇಕು. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ನ್ಯೂಟ್ರಲ್‌ನಲ್ಲಿ ಬಟ್ಟಲು ಖಾಲಿಯಾಗುವವರೆಗೆ ಓಡಲು ಬಿಟ್ಟರೆ ಒಳಗೆ ಅಂಟು ಕಟ್ಟುವುದಿಲ್ಲ.

ಕೆಲವು ಗಾಡಿಗಳಲ್ಲಿ ಆಫ್ ಎಂಬುದೇ ಇರುವುದಿಲ್ಲ. ಅವುಗಳಲ್ಲಿ ಎಂಜಿನ್ನಿನ ಹೀರುವಿಕೆಯಿಂದ ತೆರೆಯುವ ರಬ್ಬರ್ ಪರದೆ ಇದೆ. ಎಂಜಿನ್ ನಿಂತರೆ ತಾನೇ ಮುಚ್ಚಿಕೊಳ್ಳುತ್ತದೆ. ಅಂಥದರಲ್ಲಿ ಪ್ರೈಮ್ ಎಂಬ ಗುರುತು ಇದ್ದರೆ ಅದು ಪರದೆಯನ್ನು ಬಳಸದೆ ನೇರವಾಗಿ ಪೆಟ್ರೋಲ್ ಬಿಡುವ ದಾರಿ, ಒಣಗಿದ ಬಟ್ಟಲು ತುಂಬಿಸಲು ಮಾತ್ರ. ಅಲ್ಲೇ ಬಿಟ್ಟು ಮಲಗಲು ಹೋಗಬಾರದು.

ರಿಸರ್ವ್‌ಗೆ ಹಾಕಿದರೆ ತಳದ ಕಸ ಬರುತ್ತದೆ ಎಂದು ಅದನ್ನು ಮುಟ್ಟದವರಿದ್ದಾರೆ. ಮುಟ್ಟದೆ ಇದ್ದರೆ ಕಸ ಕಡಿಮೆಯಾಗುವುದಿಲ್ಲವಲ್ಲ, ಕೂಡಿಬೀಳುತ್ತದೆ. ಆಗೀಗ ರಿಸರ್ವ್‌ನಲ್ಲಿ ಓಡಿಸಿ, ಕಾಕ್ ಕೆಳಗಿನ ಪುಟ್ಟ ಬಟ್ಟಲನ್ನು ಬಿಚ್ಚಿ ಜಾಲರಿ ತೊಳೆಯುವುದೇ ಜಾಣತನ. ಈಗ ಅದಕ್ಕೆ ಮತ್ತೊಂದು ಕಾರಣವೂ ಸೇರಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ ನಡೆದ ಇಂಧನ ಸಪ್ತಾಹದಲ್ಲಿ. ಎಥನಾಲ್ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲನ್ನೂ ಎಳೆದುಕೊಂಡು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ತಳದಲ್ಲಿರುವುದೇ ರಿಸರ್ವ್‌ನ ತೂತು. ತಿಂಗಳುಗಟ್ಟಲೆ ನಿಂತ ಗಾಡಿ ಆನ್‌ನಲ್ಲಿ ಚೆನ್ನಾಗಿ ಓಡಿ, ರಿಸರ್ವ್‌ಗೆ ಹಾಕಿದ ಕೂಡಲೇ ಮುಗ್ಗರಿಸಿದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ರಿಸರ್ವ್‌ಗೆ ಹಾಕಿದ ಮೇಲೂ ಸರಿಹೋಗದಿದ್ದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ‘ಸುಸ್’ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಕಾಕ್‌ನದೇನೂ ತಪ್ಪಿಲ್ಲ.

ಹಳೆಯ ರಬ್ಬರುಗಳನ್ನು ಇಷ್ಟು ಎಥನಾಲ್ ನೆನಪಿಟ್ಟು ಮಾಡಿದ್ದಲ್ಲ. ಕಿವಿಯ ಹಿಂದಿನ ಎರಡು ಪುಟ್ಟ ಸ್ಕ್ರೂ ಬಿಚ್ಚಿದರೆ ಅಲೆಯಂತೆ ಬಾಗಿದ ತೆಳು ವಾಶರ್, ಅದರ ಹಿಂದೆ ತೂತುಗಳುಳ್ಳ ಗುಂಡನೆಯ ರಬ್ಬರ್ ಕಾಣುತ್ತದೆ. ಕಿವಿಯ ಸುತ್ತ ಜಿನುಗುವುದಕ್ಕೂ ಆಫ್ ಮಾಡಿದರೂ ಹರಿಯುವುದಕ್ಕೂ ಹೆಚ್ಚಿನ ಸಲ ಕಾರಣ ಗಟ್ಟಿಯಾದ ಆ ರಬ್ಬರೇ. ಪರೀಕ್ಷೆ ಸುಲಭ: ಕಾಕ್ ಆಫ್ ಮಾಡಿ, ಪೈಪನ್ನು ಕಾರ್ಬೊರೇಟರಿನಿಂದ ಕಳಚಿ ಬಾಟಲಿಗೆ ಇಳಿಬಿಟ್ಟು ಅರ್ಧ ಗಂಟೆ ನೋಡಬೇಕು, ಹತ್ತಿರದಲ್ಲಿ ಬೆಂಕಿ ಇರಕೂಡದು. ಹನಿ ಬಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮಾಡೆಲ್ ಹೇಳಿ ರಬ್ಬರ್ ಕಿಟ್ ಕೇಳಬಹುದು. ಹಳೆಯ ರಬ್ಬರನ್ನೇ ಜೇಬಿನಲ್ಲಿ ಒಯ್ದು ತೂತಿಗೆ ತೂತು ಹೊಂದಿಸಿ ನೋಡುವುದು ಇನ್ನೂ ಸರಿ. ಜೋಡಿಸಿದ ಮೇಲೆ ಫುಲ್ ಟ್ಯಾಂಕ್ ಮಾಡಿಸುವ ಮೊದಲು ಅರ್ಧ ಲೀಟರ್ ಮಾತ್ರ ಸುರಿಯಬೇಕು: ರಿಸರ್ವ್‌ನಲ್ಲಿ ಹರಿಯಬೇಕು, ಆನ್‌ನಲ್ಲಿ ಹರಿಯಕೂಡದು, ಆಫ್‌ನಲ್ಲಿ ಹನಿಯೂ ಬೀಳಕೂಡದು.