ಹೊಸ ವಾದ್ಯಮೇಳವನ್ನು ಕಟ್ಟುವವರಿಗೆ

ನಾಲ್ವರು ಕಲೆತು ಹಾಡಿ ನುಡಿಸಬೇಕೆಂಬ ಆಸೆಯು ಹುಟ್ಟುವುದು ಸುಲಭ; ಆ ಮೇಳವು ಒಂದು ವರುಷ ಉಳಿಯುವುದು ಕಷ್ಟ.

ಮೊದಲು ನಿಶ್ಚಯಿಸತಕ್ಕದ್ದು ಶ್ರುತಿಯನ್ನು. ಹಾಡುವವರ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಗೊತ್ತುಮಾಡಿಕೊಂಡ ಬಳಿಕವೇ ವಾದ್ಯಗಳನ್ನು ಕೊಳ್ಳಬೇಕು. ಪಿಟೀಲು ತಂಬೂರಿಗಳ ತಂತಿಯನ್ನು ಬಿಗಿದು ಸಡಿಲಿಸಿ ಹೊಂದಿಸಬಹುದು. ಕೊಳಲಿನ ಶ್ರುತಿಯಾದರೋ ಅದರ ಅಳತೆಯಲ್ಲಿಯೇ ನಿಂತಿರುವುದು. ಮೃದಂಗವನ್ನೂ ಕೊಂಚಮಟ್ಟಿಗೆ ಮಾತ್ರವೇ ಏರಿಸಿ ಇಳಿಸಲಾದೀತು. ಇದನ್ನರಿಯದೆ ಹಣ ತೆತ್ತು ಪರಿತಪಿಸುವವರುಂಟು.

ಎರಡನೆಯದಾಗಿ, ಲಯವನ್ನು ಕಾಯುವ ಹೊಣೆಯು ಒಬ್ಬರದೇ ಆಗಿರಲಿ. ಸೊಸೆಯ ತಾಳವು ನೆಟ್ಟಗಿದ್ದರೆ ಮಾವನವರು ಅದನ್ನು ಅನುಸರಿಸುವುದರಲ್ಲಿ ಕುಂದೇನೂ ಇಲ್ಲ. ಮೇಳಗಳು ಒಡೆಯುವುದು ಅಪಸ್ವರಕ್ಕಿಂತ ಹೆಚ್ಚಾಗಿ ಹಿರಿತನದ ಹಟದಿಂದ.

ಬಡತನವು ಅಡ್ಡಿಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಸುಮಾರು 1918ರಲ್ಲಿ ಮೈಹರ್ ಸಂಸ್ಥಾನದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರು ಅನಾಥ ಮಕ್ಕಳನ್ನು ಕೂಡಿಸಿ, ಕಲಿಸಿ, ಹೆಸರಾದ ವಾದ್ಯವೃಂದವನ್ನು ಕಟ್ಟಿದರು. ಬಂದೂಕಿನ ನಳಿಗೆಗಳಿಂದಲೇ ನಳತರಂಗವೆಂಬ ವಾದ್ಯವನ್ನು ಮಾಡಿಸಿದರು. ಅಲ್ಲಿ ಫಲಿಸಿದುದು ಸಾಧನೆಯೇ ಹೊರತು ಸಿರಿತನವಲ್ಲ.

ಆದುದರಿಂದ ಆರಂಭಕ್ಕೆ ಮೂರು ಕೃತಿಗಳೇ ಸಾಕು. ನಿತ್ಯವೂ ಗೊತ್ತಾದ ಹೊತ್ತಿಗೆ ಕುಳಿತು ಅವುಗಳನ್ನು ಹದಕ್ಕೆ ತನ್ನಿರಿ. ಒಬ್ಬರ ವಾದ್ಯವು ಮತ್ತೊಬ್ಬರ ಕಿವಿಗೆ ಇಂಪಾದ ಮೇಲೆ ನೆರೆಯವರನ್ನು ಕರೆಯಿರಿ.