ತಂತ್ರಜ್ಞರ ಪೆನ್ ಡ್ರೈವ್‌ನಲ್ಲಿ ಏನಿರಬೇಕು?

ವರ್ಷಾಂತ್ಯದ ಲೆಕ್ಕ ಮುಗಿಸುವ ಅವಸರದಲ್ಲಿ ಗುಮಾಸ್ತರ ಕೈತಪ್ಪಿನಿಂದ ಖಾತೆಗಳ ಫೋಲ್ಡರ್ ಅಳಿಸಿಹೋದರೆ, ವರ್ತಕರು ಗಾಬರಿಯಿಂದ ಕಂಪ್ಯೂಟರ್ ತಂತ್ರಜ್ಞರನ್ನು ಕರೆಸುತ್ತಾರೆ. ಬಂದವರು ಮರುಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕ್‌ನಲ್ಲಿ ಸ್ಥಾಪಿಸಿದರೆ ನಷ್ಟ ಹೆಚ್ಚುವ ಅಪಾಯವಿದೆ. ಅಳಿಸಿದ ಕಡತವು ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ಒಡನೆಯೇ ನಾಶವಾಗುವುದಿಲ್ಲ. ಅದರ ಜಾಗ ಖಾಲಿಯೆಂದು ಗುರುತಾಗುತ್ತದೆ, ಅಷ್ಟೆ. ಹೊಸದಾಗಿ ಬರೆದ ಯಾವುದೇ ಮಾಹಿತಿ ಆ ಜಾಗವನ್ನು ಆಕ್ರಮಿಸಬಹುದು. ಆದುದರಿಂದ ಆ ಕಂಪ್ಯೂಟರಿನ ಕೆಲಸವನ್ನು ಮೊದಲು ನಿಲ್ಲಿಸತಕ್ಕದ್ದು.

ಸ್ಥಾಪನೆಯಿಲ್ಲದೆ ಪೆನ್ ಡ್ರೈವ್‌ನಿಂದಲೇ ನಡೆಯುವ ‘ಪೋರ್ಟಬಲ್’ ತಂತ್ರಾಂಶಗಳ ಬೆಲೆ ತಿಳಿಯುವುದು ಇಲ್ಲಿ. ಟೆಸ್ಟ್‌ಡಿಸ್ಕ್ ಅಂಥದೊಂದು. ಅದರೊಡನೆ ದೊರೆಯುವ ಫೋಟೋರೆಕ್, ಹೆಸರು ಹಾಗಿದ್ದರೂ, ಚಿತ್ರಗಳಲ್ಲದೆ ಇತರ ಹಲವು ಬಗೆಯ ಕಡತಗಳನ್ನೂ ಹೆಕ್ಕುತ್ತದೆ. ಆದರೆ ಮೂಲ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ದೊರೆತದ್ದನ್ನು ಬೇರೊಂದು ಡಿಸ್ಕ್‌ನಲ್ಲಿಯೇ ಉಳಿಸಬೇಕು. ಎಸ್‌ಎಸ್‌ಡಿ ಇದ್ದಲ್ಲಿ ಆಸೆ ಕಡಿಮೆ, ಬ್ಯಾಕಪ್ಪೇ ಗತಿ. ಡಿಸ್ಕ್ ಸವೆದಿರುವ ಮುನ್ಸೂಚನೆಗಳನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುತ್ತದೆ.

ಉಚಿತವೆಂದ ಮಾತ್ರಕ್ಕೆ ಎಲ್ಲವೂ ಅಂಗಡಿಗೆ ಸಲ್ಲುವುದಿಲ್ಲ. ಟೆಸ್ಟ್‌ಡಿಸ್ಕ್ ಮತ್ತು ಸೆವೆನ್-ಜಿಪ್ ವಾಣಿಜ್ಯ ಬಳಕೆಗೂ ಮುಕ್ತ. ಸಿಕ್ಲೀನರ್‌ನ ಉಚಿತ ಆವೃತ್ತಿ ಮನೆಬಳಕೆಗೆ ಮಾತ್ರ. ಇನ್ನು ಕದ್ದ ಪ್ರತಿಯ ಮಾತು: ಅನಧಿಕೃತವೆಂದು ತಿಳಿದೂ ತಂತ್ರಾಂಶ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮು ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗಿನ ಕಾರಾಗೃಹವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷದವರೆಗಿನ ದಂಡವನ್ನೂ ವಿಧಿಸುತ್ತದೆ. ವ್ಯಾಪಾರದ ಲಾಭಕ್ಕಲ್ಲದ ಬಳಕೆಯಾದರೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಆ ರಿಯಾಯಿತಿ ವರ್ತಕರಿಗೆ ಒದಗುವುದು ಕಷ್ಟ.

ಬಳಸಿದ ತಂತ್ರಾಂಶಗಳ ಹೆಸರನ್ನು ಬಿಲ್ಲಿನಲ್ಲಿ ನಮೂದಿಸುವಂತೆ ತಂತ್ರಜ್ಞರನ್ನು ಕೇಳಲು ಸಂಕೋಚ ಬೇಕಿಲ್ಲ.