ತಂಡದ ಆಟ ಮತ್ತು ಗೇ ಪುರುಷರು: ಡ್ರೆಸ್ಸಿಂಗ್ ರೂಮಿನ ಪ್ರಶ್ನೆ

ನಾನು ಕಾಸರಗೋಡಿನ ಕಡೆಯವನು. ನಮ್ಮಲ್ಲಿ ಜಂಕ್ಷನ್ನಿಗೊಂದು ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ ಉಂಟು. ಮಳೆಗಾಲ ಮುಗಿದ ಮೇಲೆ ಫ್ಲಡ್‌ಲೈಟಿನಲ್ಲಿ ಕಬಡ್ಡಿ, ಸೆವೆನ್ಸ್ ಫುಟ್‌ಬಾಲ್. ಒಂದು ಪಾಯಿಂಟ್ ಬಂದ ಕೂಡಲೇ ಹುಡುಗರು ಎತ್ತಿದ ಕೈಗೆ ಕೈ ಹೊಡೀತಾರಲ್ಲ, ಹೈ-ಫೈವ್, ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡ್ತೇನೆ.

1977ರ ಅಕ್ಟೋಬರ್ 2. ಲಾಸ್ ಏಂಜಲೀಸಿನಲ್ಲಿ ಡಾಡ್ಜರ್ಸ್ ತಂಡದ ಬೇಸ್‌ಬಾಲ್ ಪಂದ್ಯ. ಡಸ್ಟಿ ಬೇಕರ್ ಹೋಮ್ ರನ್ ಹೊಡೆದು ಬರುವಾಗ ಸಹ ಆಟಗಾರ ಗ್ಲೆನ್ ಬರ್ಕ್ ತಲೆಯ ಮೇಲೆ ಕೈ ಎತ್ತಿ ನಿಂತರು. ಬೇಕರ್ ಆ ಕೈಗೆ ಕೈ ಹೊಡೆದರು. ಮೊದಲ ಹೈ-ಫೈವ್ ಇದೇ ಎಂದು ಸಾಮಾನ್ಯವಾಗಿ ಹೇಳುವುದುಂಟು. ಬರ್ಕ್ ಗೇ ಆಗಿದ್ದರು. ತಂಡದೊಳಗೆ ಹಲವರಿಗೆ ಅದು ತಿಳಿದಿತ್ತು. ಮದುವೆಯಾದರೆ ಹಣ ಕೊಡುವುದಾಗಿ ಆಡಳಿತದವರು ಹೇಳಿದ್ದರೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. 1978ರಲ್ಲಿ ತಂಡ ಅವರನ್ನು ಓಕ್ಲೆಂಡಿಗೆ ಬಿಟ್ಟುಕೊಟ್ಟಿತು. 1979ರ ನಂತರ ಅವರು ಮೇಜರ್ ಲೀಗಿನಲ್ಲಿ ಆಡಲೇ ಇಲ್ಲ. 1995ರಲ್ಲಿ ತೀರಿಕೊಂಡರು. ಅವರು ಎತ್ತಿದ ಕೈ ಮಾತ್ರ ನಮ್ಮೂರಿನ ಕಬಡ್ಡಿ ಅಂಕಣದವರೆಗೂ ಬಂತು.

ಇಲ್ಲಿ ಪದದ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಬರುವ 'ಸಲಿಂಗಕಾಮಿ' ಎಂಬ ಪದ ಮನುಷ್ಯನ ಬದುಕಿನಿಂದ ಕಾಮವೊಂದನ್ನೇ ಹೊರಗೆ ಎಳೆದು ತೋರಿಸುತ್ತದೆ. ಹಾಗಾಗಿ ನಾನು 'ಗೇ' ಎಂದೇ ಬಳಸುತ್ತೇನೆ.

ಗೇ ಪುರುಷರು ತಂಡದ ಆಟಗಳಲ್ಲಿ ಯಾಕೆ ಕಾಣುವುದಿಲ್ಲ ಅಂತ ಕೇಳಿದರೆ 'ಅವರಿಗೆ ಅಂಥ ಆಟ ಇಷ್ಟ ಇಲ್ಲ' ಎಂಬ ಉತ್ತರ ಸುಲಭವಾಗಿ ಬರ್ತದೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. 1991ರಲ್ಲಿ ಲಂಡನ್ನಿನ ಗೇ ಪುರುಷರು ಸ್ಟೋನ್‌ವಾಲ್ ಎಂಬ ಫುಟ್‌ಬಾಲ್ ಕ್ಲಬ್ ಕಟ್ಟಿದರು. 1995ರಲ್ಲಿ ಅದೇ ಊರಿನಲ್ಲಿ ಕಿಂಗ್ಸ್ ಕ್ರಾಸ್ ಸ್ಟೀಲರ್ಸ್ ಹುಟ್ಟಿತು. ಅದು ರಗ್ಬಿ ಕ್ಲಬ್. ರಗ್ಬಿ ಅಂದರೆ ಮೈಗೆ ಮೈ ಬಡಿಯುವ ಆಟ. 2001ರ ಸೆಪ್ಟೆಂಬರ್ 11ರ ವಿಮಾನ ದುರಂತದಲ್ಲಿ ತೀರಿಕೊಂಡ ಗೇ ರಗ್ಬಿ ಆಟಗಾರ ಮಾರ್ಕ್ ಬಿಂಗಮ್ ಹೆಸರಿನಲ್ಲಿ ಮರುವರ್ಷವೇ ಬಿಂಗಮ್ ಕಪ್ ಶುರುವಾಯಿತು. ಆಟ ಇಷ್ಟವಿಲ್ಲದವರು ಸ್ವಂತ ಕ್ಲಬ್ ಕಟ್ಟಿ ಕೆಸರಿನಲ್ಲಿ ಉರುಳುತ್ತಾರಾ?

ಹಾಗಾದರೆ ತೊಡಕು ಎಲ್ಲಿ? ಡ್ರೆಸ್ಸಿಂಗ್ ರೂಮಿನಲ್ಲಿ ಅಂತ ನನ್ನ ವಾದ. ಗಂಡಸರು ಗಂಡಸರನ್ನು ಮುಟ್ಟಲಿಕ್ಕೆ ಸಮಾಜ ಧಾರಾಳವಾಗಿ ಬಿಟ್ಟಿರುವ ಜಾಗಗಳಲ್ಲಿ ಆಟ ಒಂದು. ಗೋಲು ಬಿದ್ದರೆ ಅಪ್ಪಿಕೊಳ್ಳಬಹುದು. ಕಬಡ್ಡಿಯಲ್ಲಿ ರೈಡರನ ಸೊಂಟ ಹಿಡಿದು ಐದಾರು ಜನ ಮೇಲೆ ಬೀಳಬಹುದು. ಆದರೆ ಈ ಸಲಿಗೆಗೆ ಒಂದು ಷರತ್ತು ಉಂಟು: 'ನಾವು ಅಂಥವರಲ್ಲ' ಎಂದು ಪದೇ ಪದೇ ಸಾರುತ್ತಾ ಇರಬೇಕು. ಗೇ ಜನರ ಮೇಲಿನ ಜೋಕು, ಬೈಗುಳ ಮಾಡುವ ಕೆಲಸ ಅದೇ. ಸಲಿಗೆಯ ಸುತ್ತ ಅದು ಬೇಲಿ.

ಒಬ್ಬನೇ ಆಡುವ ಆಟದಲ್ಲಿ ಫಲಿತಾಂಶವನ್ನು ಗಡಿಯಾರ ಹೇಳ್ತದೆ, ಅಂಕ ಹೇಳ್ತದೆ. ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ 2013ರಲ್ಲಿ ಪುರುಷನೊಬ್ಬನನ್ನು ಪ್ರೀತಿಸುತ್ತಿರುವುದಾಗಿ ಹೇಳಿಕೊಂಡ ಮೇಲೂ ವಿಶ್ವ ಚಾಂಪಿಯನ್ ಆದರು. ತಂಡದಲ್ಲಿ ಹಾಗಲ್ಲ. ಚೆಂಡು ಪಾಸ್ ಮಾಡಬೇಕಾದವರು ಜೊತೆಯವರು, ಹನ್ನೊಂದರಲ್ಲಿ ಹೆಸರು ಬರೆಯಬೇಕಾದವರು ಕೋಚ್. ಅವರ ವಿಶ್ವಾಸ ಹೋದರೆ ಪ್ರತಿಭೆ ಇದ್ದೂ ಜಾಗ ಇಲ್ಲ.

ಜಸ್ಟಿನ್ ಫಶಾನು ಪ್ರಕರಣ ನೋಡಿ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು ಹತ್ತು ಲಕ್ಷ ಪೌಂಡಿಗೆ ಕೊಂಡಿತು. ಅಷ್ಟು ಬೆಲೆ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ ಅವರು. 1990ರಲ್ಲಿ ತಾನು ಗೇ ಎಂದು ಪತ್ರಿಕೆಗೆ ಹೇಳಿದರು. ಸ್ವಂತ ತಮ್ಮನೇ, ಅವರೂ ಫುಟ್‌ಬಾಲಿಗರು, ಬಹಿರಂಗವಾಗಿ ದೂರ ಸರಿದರು. 1998ರಲ್ಲಿ ಫಶಾನು ಆತ್ಮಹತ್ಯೆ ಮಾಡಿಕೊಂಡರು. ಬ್ರಿಟನ್ನಿನಲ್ಲಿ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಮುಂದಿನ ವೃತ್ತಿಪರ ಪುರುಷ ಫುಟ್‌ಬಾಲ್ ಆಟಗಾರ ಬಂದದ್ದು 2022ರಲ್ಲಿ: ಬ್ಲ್ಯಾಕ್‌ಪೂಲ್‌ನ ಜೇಕ್ ಡೇನಿಯಲ್ಸ್, ವಯಸ್ಸು 17. ನಡುವೆ 32 ವರ್ಷ. ಇಷ್ಟು ವರ್ಷ ಗೇ ಆಟಗಾರರು ಇರಲಿಲ್ಲ ಅಂತ ಯಾರೂ ನಂಬುವುದಿಲ್ಲ. ಇದ್ದವರು ಬಾಯಿ ಬಿಡಲಿಲ್ಲ, ಅಷ್ಟೆ.

ಕ್ರಿಕೆಟಿನಲ್ಲಿ ಸ್ವಲ್ಪ ಬೇರೆ ಉದಾಹರಣೆ ಸಿಕ್ತದೆ. ಇಂಗ್ಲೆಂಡಿನ ವಿಕೆಟ್‌ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅದಕ್ಕೂ ಮೊದಲೇ ತಂಡದವರಿಗೆ ತಿಳಿಸಿದ್ದರು. ಪತ್ರಿಕೆಗಿಂತ ಮೊದಲು ತಂಡ, ಈ ಕ್ರಮ ಗಮನಿಸಿ. ದಾಟಬೇಕಾದ ಹೊಸ್ತಿಲು ಯಾವುದು ಎಂದು ಅವರಿಗೆ ಗೊತ್ತಿತ್ತು.

ಇನ್ನು ಬೈಗುಳದ ವಿಷಯ. ಆಸ್ಟ್ರೇಲಿಯಾದ ಸಂಶೋಧಕ ಎರಿಕ್ ಡೆನಿಸನ್ ಮತ್ತು ಸಂಗಡಿಗರು ಹದಿಹರೆಯದ ರಗ್ಬಿ ಆಟಗಾರರ ನಡುವೆ ಕೆಲಸ ಮಾಡಿದ್ದಾರೆ. ಅವರು ಕಂಡದ್ದು ಇದು: ಇಂಥ ಬೈಗುಳಕ್ಕೂ ಗೇ ಜನರ ಮೇಲಿನ ದ್ವೇಷಕ್ಕೂ ನೇರ ಸಂಬಂಧ ಕಾಣುವುದಿಲ್ಲ, ಜೊತೆಯವರು ಬಳಸ್ತಾರೆ, ಅದನ್ನೇ ನಿರೀಕ್ಷಿಸ್ತಾರೆ, ಅದಕ್ಕೇ ಹುಡುಗರೂ ಬಳಸ್ತಾರೆ. ಹೇಳುವವನಿಗೆ ಅದು ಅಭ್ಯಾಸ. ಕೇಳುವವನಿಗೆ ಹಾಗಲ್ಲ.

ಇದನ್ನು ಓದುವಾಗ ನನಗೆ ನನ್ನದೇ ನೆನಪಾಯಿತು. ಶಾಲೆಯಲ್ಲಿ ನಾನು ಕಬಡ್ಡಿಗೆ ಸ್ಕೋರ್ ಬರೀತಿದ್ದೆ. ನಮ್ಮ ಒಳ್ಳೆಯ ರೈಡರ್ ಒಬ್ಬ ಒಂದು ದಿನದಿಂದ ಅಂಕಣಕ್ಕೆ ಬರುವುದನ್ನೇ ಬಿಟ್ಟ. ಅವನ ನಡಿಗೆಯನ್ನು ಅಣಕಿಸಿ ಹುಡುಗರು ಒಂದು ಹೆಸರಿಟ್ಟಿದ್ದರು. ನಾನೂ ಆ ಹೆಸರಿನಲ್ಲಿ ಕರೆದಿದ್ದೇನೆ, ದ್ವೇಷದಿಂದ ಅಲ್ಲ, ಎಲ್ಲರೂ ಕರೀತಾರೆ ಅಂತ. ಅವನು ಗೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬೇಲಿ ಒಂದು ಸಲ ಹಾಕಿದ ಮೇಲೆ ಗೇ ಆದವನನ್ನೂ ತಡೀತದೆ, ಹಾಗೆ ಕಾಣುವವನನ್ನೂ ತಡೀತದೆ.

ಗಡಿನಾಡಿನ ನಮಗೆ ಇದರ ಒಂದು ಪಾಲು ಅನುಭವಕ್ಕೆ ಸಿಕ್ಕುವಂಥದ್ದೇ. ಮನೆಯಲ್ಲಿ ಕನ್ನಡವೋ ತುಳುವೋ, ತಂಡದಲ್ಲಿ ಮಲಯಾಳ. ಉಚ್ಚಾರ ತಪ್ಪಿದರೆ ನಗು. ಮಾತಾಡುವ ಮೊದಲು ಮಾತನ್ನು ತೂಗಿ ನೋಡುವ ಆಯಾಸ ನಮಗೆ ಗೊತ್ತುಂಟು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ನಾವು ಸಂಜೆ ಮನೆಗೆ ಬಂದರೆ ನಮ್ಮ ಭಾಷೆ ಅಲ್ಲಿ ಕಾಯ್ತಾ ಇರ್ತದೆ. ಗೇ ಹುಡುಗನಿಗೆ ಹಲವು ಸಲ ಮನೆಯಲ್ಲೂ ಅದು ಇಲ್ಲ. ಫಶಾನುವಿನ ತಮ್ಮನನ್ನು ನೆನಪಿಸಿಕೊಳ್ಳಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿರುವ ವಯಸ್ಕರ ಸಂಬಂಧ 377ನೇ ವಿಧಿಯಡಿ ಅಪರಾಧವಲ್ಲ ಎಂದಿತು. ಮರುವರ್ಷ ಓಟಗಾರ್ತಿ ದ್ಯುತಿ ಚಂದ್ ತಾನು ಮಹಿಳೆಯನ್ನು ಪ್ರೀತಿಸುತ್ತಿರುವುದಾಗಿ ಹೇಳಿದರು. ಅವರದ್ದೂ ಒಬ್ಬರೇ ಓಡುವ ಆಟ. ಕಾನೂನು ಬದಲಾದ ಮಾತ್ರಕ್ಕೆ ಡ್ರೆಸ್ಸಿಂಗ್ ರೂಮಿನ ಮಾತು ಬದಲಾಗುವುದಿಲ್ಲ. ಅದನ್ನು ಬದಲಿಸಬೇಕಾದವರು ನಾಯಕ, ಕೋಚ್, ಪಿ.ಟಿ. ಮೇಷ್ಟ್ರು, ಮತ್ತೆ ಸ್ಕೋರ್ ಬರೆಯುವ ನನ್ನಂಥವರು.

ಚರ್ಚೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: 'ಸರ್, ಇದು ಖಾಸಗಿ ವಿಷಯ ಅಲ್ವಾ? ಆಟಗಾರ ಯಾಕೆ ಹೇಳ್ಬೇಕು?' ಒಳ್ಳೆಯ ಪ್ರಶ್ನೆ. ಉಳಿದ ಆಟಗಾರರ ಹೆಂಡತಿ ಮಕ್ಕಳು ಗ್ಯಾಲರಿಯಲ್ಲಿ ಕೂತದ್ದನ್ನು ಟೀವಿಯವರು ತೋರಿಸ್ತಾರೆ, ಮದುವೆ ಫೋಟೋ ಪೇಪರಿನಲ್ಲಿ ಬರ್ತದೆ. ಅದನ್ನು ಖಾಸಗಿ ಅಂತ ಯಾರೂ ಮುಚ್ಚಿಡಲಿಕ್ಕೆ ಹೇಳುವುದಿಲ್ಲ. ಹೇಳಬೇಕೋ ಬೇಡವೋ ಅವರಿಗೆ ಬಿಟ್ಟದ್ದು. ಹೇಳಿದರೆ ತಂಡದಲ್ಲಿ ಜಾಗ ಹೋಗ್ತದೆ ಎಂಬ ಹೆದರಿಕೆ ಮಾತ್ರ ಇರಬಾರದು. ಅಷ್ಟು ನಮ್ಮ ಕೆಲಸ.